ಗಣಿ ಕಾರ್ಮಿಕರು ಉಳಿಸಿಕೊಂಡ ಪಂಡಿತ

ಬಂಗಾರಪೇಟೆಯಲ್ಲಿ ಕವಲೊಡೆಯುವ ರೈಲು ಹಳಿ ಕೋರಮಂಡಲ, ಊರ್ಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಕೋಲಾರದ ಚಿನ್ನದ ಗಣಿಗೆ (ಕೆಜಿಎಫ್) ಕೂಲಿ ಅರಸಿ ಬಂದ ಸಾವಿರಾರು ಕುಟುಂಬಗಳು ಈ ಹಳಿಯ ಆಸುಪಾಸಿನಲ್ಲೇ ಬೇರೂರಿದವು. ಅವರಲ್ಲಿ ಬಹುಪಾಲು ಜನ ಊರಲ್ಲಿ ಅಸ್ಪೃಶ್ಯರೆನಿಸಿಕೊಂಡವರು. ಜಗತ್ತು ಮರೆತ ಒಬ್ಬ ಲೇಖಕನನ್ನು ಕಾಪಾಡಿದವರೂ ಇವರೇ. ಆತ ಪಂಡಿತ ಅಯೋತಿದಾಸರು.

1845ರಲ್ಲಿ ಹುಟ್ಟಿದ ಅಯೋತಿದಾಸರು ಮದರಾಸಿನಲ್ಲಿ ಸಿದ್ಧವೈದ್ಯರಾಗಿದ್ದರು. 1898ರಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟ್ ಜೊತೆ ಸಿಂಹಳಕ್ಕೆ ಹೋಗಿ ಬೌದ್ಧ ದೀಕ್ಷೆ ಪಡೆದರು. ಮರಳಿ ಬಂದು ಶಾಕ್ಯ ಬೌದ್ಧ ಸಂಘ ಕಟ್ಟಿದರು. ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದ್ದು 1956ರಲ್ಲಿ. ಅದಕ್ಕೂ 58 ವರ್ಷ ಮೊದಲೇ ಈ ವೈದ್ಯರು ಅದೇ ದಾರಿ ಹಿಡಿದಿದ್ದರು.

1907ರ ಜೂನ್ 19ರಂದು ಅವರು ‘ಒರು ಪೈಸಾ ತಮಿಳನ್’ ವಾರಪತ್ರಿಕೆ ಆರಂಭಿಸಿದರು. ಬೆಲೆ ಹೆಸರಿನಲ್ಲೇ ಇತ್ತು: ಒಂದು ಪೈಸೆ, ಅಂದರೆ ಕಾಲಾಣೆ. ಮರುವರ್ಷ ಅದು ಬರೀ ‘ತಮಿಳನ್’ ಆಯಿತು. ರಾಜಕೀಯ, ಬುದ್ಧನ ಚರಿತ್ರೆ, ಔಷಧಿ, ಓದುಗರ ಪ್ರಶ್ನೆಗಳಿಗೆ ಉತ್ತರ ಎಲ್ಲವೂ ಅದರಲ್ಲಿ ಬರುತ್ತಿದ್ದವು. ಬೌದ್ಧರ ಕಣ್ಣಿನಿಂದ ನಾಡಿನ ಇತಿಹಾಸ ಹೇಳುವ ‘ಇಂದಿರರ್ ದೇಶ ಸರಿತ್ತಿರಂ’ ಧಾರಾವಾಹಿಯಾಗಿ ಪ್ರಕಟವಾದದ್ದೂ ಅಲ್ಲೇ. ಜಾತಿ ಅನಾದಿಯಲ್ಲ, ಬುದ್ಧನ ಮಕ್ಕಳನ್ನು ಸೋಲಿಸಿದವರು ಅದನ್ನು ಹೇರಿದರು ಎಂಬುದು ಅವರ ವಾದದ ತಿರುಳು.

1914ರ ಮೇ 5ರಂದು ಪಂಡಿತರು ತೀರಿಕೊಂಡರು. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಇತಿಹಾಸದ ಪುಸ್ತಕಗಳು ಅವರ ಹೆಸರನ್ನೇ ಬಿಟ್ಟವು. ಆದರೆ ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್‌ನಲ್ಲಿ ಅವರ ಸಂಘದ ಶಾಖೆಗಳಿದ್ದವು. ಸುರಂಗದಲ್ಲಿ ಜೀವ ಒತ್ತೆಯಿಟ್ಟು ದುಡಿದರೂ ಕಾರ್ಮಿಕರ ಕೈಗೆ ನಗದು ಕೂಲಿ ಬರುತ್ತಿತ್ತು, ತಲೆಯ ಮೇಲೆ ಜಮೀನ್ದಾರನಿರಲಿಲ್ಲ. ವಿಹಾರ, ಪುಸ್ತಕ, ಪತ್ರಿಕೆಗೆ ಚಂದಾ ಕೊಡುವ ಸ್ವಾತಂತ್ರ್ಯ ಅವರಿಗೆ ದಕ್ಕಿದ್ದು ಹೀಗೆ. 1926ರಲ್ಲಿ ಕೆಜಿಎಫ್‌ನ ಜಿ. ಅಪ್ಪಾದುರೈಯಾರ್ ‘ತಮಿಳನ್’ಗೆ ಮತ್ತೆ ಜೀವ ಕೊಟ್ಟರು. ಚಾಂಪಿಯನ್ ರೀಫ್‌ನ ಸಿದ್ಧಾರ್ಥ ಪುಸ್ತಕಶಾಲೆ ಪಂಡಿತರ ಬರಹಗಳನ್ನು ಕಿರುಹೊತ್ತಗೆಗಳಾಗಿ ಅಚ್ಚು ಹಾಕಿತು.

ಹೊರಗಿನವರು ಕಣ್ಣು ತೆರೆಯಲು ಶತಮಾನದ ಕೊನೆ ಬರಬೇಕಾಯಿತು. ಅನುಯಾಯಿಗಳು ಜತನದಿಂದ ಇಟ್ಟುಕೊಂಡಿದ್ದ ಹಳೆಯ ಸಂಚಿಕೆಗಳಿಂದ ಸಂಶೋಧಕ ಜಿ. ಅಲೋಶಿಯಸ್ ಬರಹಗಳನ್ನು ಸಂಪಾದಿಸಿದರು. 1999ರಲ್ಲಿ ಪಾಳಯಂಕೋಟೆಯಿಂದ ಅವು ಹೊರಬಂದವು. 2005ರಲ್ಲಿ ಅಂಚೆ ಚೀಟಿ ಬಂತು. ತಾಂಬರಂನ ರಾಷ್ಟ್ರೀಯ ಸಿದ್ಧ ಸಂಸ್ಥೆಯ ಆಸ್ಪತ್ರೆ ಇಂದು ಅವರ ಹೆಸರು ಹೊತ್ತಿದೆ. ವಿದ್ವಾಂಸರು ಅವರನ್ನು ‘ಕಂಡುಹಿಡಿದರು’ ಎನ್ನುವುದು ಅರ್ಧ ಸತ್ಯ. ಕಾರ್ಮಿಕರು ಆ ಹಾಳೆಗಳನ್ನು ರದ್ದಿಗೆ ಹಾಕಿದ್ದರೆ ಕಂಡುಹಿಡಿಯಲು ಏನೂ ಉಳಿಯುತ್ತಿರಲಿಲ್ಲ.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಇಲ್ಲಿನ ಯುವಕರು ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಕಾರ್ಮಿಕರ ಲೈನ್ ಮನೆಗಳು ಕುಸಿಯುತ್ತಿವೆ. ಅಲ್ಲಿನ ಟ್ರಂಕುಗಳಲ್ಲಿ ಇನ್ನೂ ಹಳೆಯ ಹೊತ್ತಗೆ, ಸಂಘದ ರಸೀದಿ, ಕರಪತ್ರಗಳಿರಬಹುದು. ಕೋಲಾರದ ವಿಶ್ವವಿದ್ಯಾಲಯ, ಸರ್ಕಾರದ ಪತ್ರಾಗಾರ ಇಲಾಖೆ ಕೂಡಲೇ ಅವನ್ನು ಸಂಗ್ರಹಿಸಬೇಕು. ಅಯೋತಿದಾಸರ ಬರಹಗಳು ಕನ್ನಡದಲ್ಲಿ ಸಂಪುಟಗಳಾಗಿ ಬರಬೇಕು. ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಅಂಥದ್ದೊಂದು ಹಾಳೆ ಇದ್ದರೆ ದಯವಿಟ್ಟು ಗುಜರಿಗೆ ಕೊಡಬೇಡಿ.