ಪ್ರೀತಿ ನೋಡಬೇಕೋ, ತೋಟ ನೋಡಬೇಕೋ?



ಸಂಘದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಮಾತು ಬಂದು ನಿಲ್ಲುವುದು ಮಗಳ ಮದುವೆಯ ಮೇಲೆ. "ಹುಡುಗ ಒಳ್ಳೆಯವನೇ, ಮಗಳಿಗೂ ಇಷ್ಟ. ಆದ್ರೆ ಸ್ವಂತ ತೋಟ ಇಲ್ಲ, ಏನ್ಮಾಡೋದು?" ಎಂದು ತಾಯಂದಿರು ಕೇಳುತ್ತಾರೆ. "ಪ್ರೀತಿ ಹೊಟ್ಟೆ ತುಂಬಿಸುತ್ತಾ?" ಅಂತ ಒಬ್ಬರು, "ದುಡ್ಡಿದ್ದು ನೆಮ್ಮದಿ ಇಲ್ದಿದ್ರೆ ಏನು ಬಂತು?" ಅಂತ ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಸತ್ಯವಿದೆ. ಸ್ವಲ್ಪ ಯೋಚಿಸೋಣ.

ಭದ್ರತೆ ಎಂದರೇನು?

ನಮ್ಮ ಬೇಗಾರು, ಶೃಂಗೇರಿ, ಕೊಪ್ಪದ ಕಡೆ ಅಡಿಕೆ ತೋಟದ ಮನೆ ಎಂದರೆ ಒಂದು ಕಾಲದಲ್ಲಿ ಕಣ್ಣು ಮುಚ್ಚಿ ಹೆಣ್ಣು ಕೊಡುತ್ತಿದ್ದರು. ಆಮೇಲೆ ಹಳದಿ ಎಲೆ ರೋಗ ಬಂತು. ಈ ರೋಗ ಹಿಡಿದ ಮರ ಒಂದೇ ದಿನಕ್ಕೆ ಸಾಯುವುದಿಲ್ಲ. ವರ್ಷದಿಂದ ವರ್ಷಕ್ಕೆ ಫಸಲು ಇಳಿಯುತ್ತದೆ, ವಾಸಿ ಮಾಡುವ ಔಷಧಿಯೂ ಇಲ್ಲ. ಈಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ.

ಈಗ "ಕೃಷಿಕ ಬೇಡ, ಬೆಂಗಳೂರಲ್ಲಿ ಕೆಲಸ ಇರೋನೇ ಬೇಕು" ಎನ್ನುವವರೇ ಹೆಚ್ಚು. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಆದರೆ 2020ರ ಲಾಕ್‌ಡೌನ್‌ನಲ್ಲಿ ಪಟ್ಟಣದ ಕೆಲಸ ಕಳೆದುಕೊಂಡು ಊರಿಗೆ ಬಂದವರನ್ನೂ ನಾವು ನೋಡಿದ್ದೇವೆ. ಅಂದ ಮೇಲೆ ತೋಟವನ್ನಾಗಲಿ ಸಂಬಳವನ್ನಾಗಲಿ ನಂಬಿ ಕೂರುವಂತಿಲ್ಲ. ಇಬ್ಬರೂ ದುಡಿಯಬಲ್ಲರೇ, ಕಷ್ಟ ಬಂದಾಗ ಲೆಕ್ಕ ಮುಚ್ಚಿಡದೆ ಕೂತು ಮಾತಾಡಬಲ್ಲರೇ ಎಂಬುದೇ ನಿಜವಾದ ಭದ್ರತೆ.

ನಮ್ಮ ಜಿಲ್ಲೆಯದೇ ಉದಾಹರಣೆ

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರು ಆಡಂಬರ, ವರದಕ್ಷಿಣೆ ಇಲ್ಲದ 'ಮಂತ್ರ ಮಾಂಗಲ್ಯ' ಎಂಬ ಸರಳ ಮದುವೆಯ ಕ್ರಮವನ್ನು ತಂದರು. 1966ರಲ್ಲಿ ಕುಪ್ಪಳಿಯಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ, ರಾಜೇಶ್ವರಿಯವರ ಮದುವೆ ಹೀಗೇ ಆಯಿತು. ಪರಸ್ಪರ ಮೆಚ್ಚಿ ಆದ ಮದುವೆ. ತೇಜಸ್ವಿ ಎಂ.ಎ. ಓದಿಯೂ ನೌಕರಿ ಬೇಡವೆಂದು ಮೂಡಿಗೆರೆಯಲ್ಲಿ ಕಾಫಿ ಬೆಳೆದರು. "ಅವರಿಗೆ ದೊಡ್ಡ ಮನೆತನದ ಆಸರೆ ಇತ್ತು" ಎನ್ನಬಹುದು, ಅದು ನಿಜ. ಆದರೂ ಮದುವೆಗೆ ಸಾಲ ಮಾಡಬೇಕಾಗಿಲ್ಲ ಎಂಬ ಪಾಠ ಎಲ್ಲರಿಗೂ ಬೇಕು. ಮದುವೆಯ ಸಾಲ ಹೊತ್ತ ಮನೆಯಲ್ಲಿ ಪ್ರೀತಿಗೂ ಉಸಿರು ಕಟ್ಟುತ್ತದೆ.

ಬರೀ ಪ್ರೀತಿ ಸಾಕೇ?

ಸಾಲದು. ಪ್ರೀತಿ ಇದ್ದರೆ ಪ್ರಶ್ನೆ ಕೇಳುವ ಧೈರ್ಯವೂ ಇರಬೇಕು. ಒಪ್ಪಿಗೆ ಕೊಡುವ ಮೊದಲು ಮಗಳೇ ಹುಡುಗನನ್ನು ಕೇಳಲಿ:

1. ಮನೆಯ ಮೇಲೆ, ಜಮೀನಿನ ಮೇಲೆ, ಫೈನಾನ್ಸ್‌ನಲ್ಲಿ ಸಾಲ ಎಷ್ಟಿದೆ?
2. ಕುಡಿತ, ಜೂಜು ಇದೆಯೇ? (ಅವನ ಊರಲ್ಲೂ ವಿಚಾರಿಸಿ.)
3. ಮದುವೆಯಾದ ಮೇಲೆ ನಾನು ಕೆಲಸಕ್ಕೆ, ಸಂಘಕ್ಕೆ ಹೋಗಬಹುದೇ? ನನ್ನ ದುಡಿಮೆ ನನ್ನ ಖಾತೆಗೆ ಬರಬಹುದೇ?
4. ಅಡಿಕೆಗೆ ಬೆಲೆ ಇಲ್ಲದ ವರ್ಷ ಏನು ಮಾಡೋಣ?

ಈ ಪ್ರಶ್ನೆಗಳಿಗೆ ಸಿಟ್ಟಾಗುವವನು ನಾಳೆ ಸಂಸಾರದ ಲೆಕ್ಕ ಹೇಳುತ್ತಾನೆಯೇ? ಹಾಗೆಯೇ ಅವನೂ ಮಗಳನ್ನು ಕೇಳಲಿ.

"ಇಷ್ಟು ಕೊಟ್ಟರೆ ಮದುವೆ" ಎನ್ನುವ ಮನೆ ಎಷ್ಟೇ ಶ್ರೀಮಂತವಾಗಿರಲಿ, ಅಲ್ಲಿ ಭದ್ರತೆ ಇಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಂತೆ ಕೇಳುವುದು, ಕೊಡುವುದು, ತೆಗೆದುಕೊಳ್ಳುವುದು ಎಲ್ಲವೂ ಅಪರಾಧ. ಅದಕ್ಕೆ ಸುರಿಯುವ ಹಣವನ್ನು ಮಗಳ ಓದಿಗೋ, ಹೊಲಿಗೆಗೋ, ಅವಳ ಹೆಸರಿನ ಠೇವಣಿಗೋ ಹಾಕಿ. ಕೈಯಲ್ಲಿ ಸ್ವಂತ ದುಡಿಮೆ ಇರುವ ಹುಡುಗಿ ಹೊಟ್ಟೆಪಾಡಿಗೆ ಹೆದರಿ ಗಂಡನನ್ನು ಆರಿಸಬೇಕಾಗಿಲ್ಲ. ಮನಸ್ಸು ಒಪ್ಪಿದವನನ್ನು ಆರಿಸಬಹುದು.

ಸಂಘದಲ್ಲಿ ಚರ್ಚಿಸಿ

* ನಮ್ಮ ಊರಲ್ಲಿ ಒಂದು ಮದುವೆಗೆ ಎಷ್ಟು ಖರ್ಚಾಗುತ್ತದೆ? ಅದರಲ್ಲಿ ಸಾಲ ಎಷ್ಟು?
* ನಮ್ಮ ಮಗಳ ಹೆಸರಲ್ಲಿ ಉಳಿತಾಯ ಖಾತೆ ಇದೆಯೇ?
* ನಮ್ಮ ಮದುವೆಯ ಮೊದಲು ನಮ್ಮನ್ನು ಯಾರಾದರೂ ಕೇಳಿದ್ದರೇ? ಮಗಳನ್ನಾದರೂ ನಾವು ಕೇಳೋಣವೇ?