ಕೈ ಬಿಟ್ಟೊಡನೆ ಆರುವ ಓವನ್

ಕೇಕಿನ ಹಿಟ್ಟು ಕಲಸಿಟ್ಟಾಗಲೇ ನಮ್ಮ ಗ್ಯಾಸ್ ಓವನ್ ಮುನಿಸಿಕೊಳ್ಳುವುದು! ನಾಬ್ ಒತ್ತಿ ಹಿಡಿದಷ್ಟು ಹೊತ್ತು ಉರಿ ಇರುತ್ತದೆ, ಕೈ ಬಿಟ್ಟರೆ ಆರುತ್ತದೆ. ಮೇಲಿನ ಒಲೆಗಳು ಚೆನ್ನಾಗಿ ಉರಿಯುತ್ತಿದ್ದರೆ ನಾವು ಸಿಲಿಂಡರನ್ನು ದೂರಬೇಕಾಗಿಲ್ಲ. ಹೆಚ್ಚಾಗಿ ತೊಂದರೆ ಇರುವುದು ಓವನ್ ಬರ್ನರಿನ ಪಕ್ಕದಲ್ಲಿರುವ ಥರ್ಮೋಕಪಲ್ ಎಂಬ ಸಣ್ಣ ಕಡ್ಡಿಯಲ್ಲಿ. ಉರಿಯಲ್ಲಿ ಕಾದಾಗ ಅದು ಹುಟ್ಟಿಸುವ ಕೆಲವೇ ಮಿಲಿವೋಲ್ಟ್ ವಿದ್ಯುತ್ತು ಗ್ಯಾಸಿನ ವಾಲ್ವನ್ನು ತೆರೆದಿಡುತ್ತದೆ. ತುದಿಗೆ ಮಸಿ ಹಿಡಿದರೆ ಅಥವಾ ಅದು ಉರಿಯಿಂದ ಸರಿದರೆ ವಾಲ್ವ್ ಮುಚ್ಚಿಕೊಳ್ಳುತ್ತದೆ.

ಸಿಲಿಂಡರ್ ಬಂದ್ ಮಾಡಿ, ಓವನ್ ತಣಿದ ಮೇಲೆ ತುದಿಯನ್ನು ನಯವಾದ ಎಮರಿ ಪೇಪರಿನಿಂದ ಮೆಲ್ಲಗೆ ಉಜ್ಜಿ, ಉರಿ ತಾಗುವಂತೆ ಕೂರಿಸೋಣ. ಬಾಗಿಲು ತೆರೆದಿಟ್ಟೇ ಹಚ್ಚಿ, ನಾಬನ್ನು 10-15 ಸೆಕೆಂಡು ಒತ್ತಿ ಹಿಡಿಯಬೇಕು. ಅಷ್ಟು ತಾಳ್ಮೆ ನಮ್ಮಲ್ಲಿ ಕಡಿಮೆಯೇ. ಆಗಲೂ ಆರಿದರೆ ಕಡ್ಡಿ ಬದಲಿಸಲು ಮೆಕ್ಯಾನಿಕ್ ಬರಲಿ. ಆ ಕಡ್ಡಿಯೇ ಬೇಡ, ಅದಿಲ್ಲದೆ ಉರಿಸಿಕೊಡುತ್ತೇನೆ ಎನ್ನುವವನನ್ನು ಮಾತ್ರ ಕೂಡಲೇ ಕಳುಹಿಸಿಬಿಡಿ. ಉರಿ ಆರಿದರೂ ಗ್ಯಾಸ್ ಹರಿಯುತ್ತಲೇ ಇರುತ್ತದೆ. ಗಾಳಿಗಿಂತ ಭಾರವಾದ ಅದು ನೆಲದ ಮೇಲೆಯೇ ಹರಡುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.