ಫೋನಿನ ಮೆಸೇಜು ಲ್ಯಾಪ್‌ಟಾಪಲ್ಲಿ: ಹೇಗೆ ಜೋಡಿಸೋದು, ಎಲ್ಲಿ ಜೋಡಿಸಬಾರದು

ಪುಣೆಯಲ್ಲೋ ಹೈದರಾಬಾದಲ್ಲೋ ಕೂತು ಹಬ್ಬಕ್ಕೆ ಊರಿನ ಬಸ್ ಟಿಕೆಟ್ ಬುಕ್ ಮಾಡ್ತಿದ್ದೀರಿ ಅಂತಿಟ್ಕೊಳ್ಳಿ. ಸೀಟು ಸಿಕ್ತು, ಕಾರ್ಡ್ ನಂಬರ್ ಹಾಕಿದ್ದಾಯ್ತು, ಓಟಿಪಿ ಕೇಳ್ತು. ಫೋನು ಒಳಗಿನ ರೂಮಲ್ಲಿ ಚಾರ್ಜಿಗಿದೆ. ಎದ್ದು ಹೋಗಿ ನೋಡ್ಕೊಂಡು ಬರೋಷ್ಟರಲ್ಲಿ ಟೈಮ್ ಮುಗಿದಿರುತ್ತೆ. ಆ ಮೆಸೇಜು ಲ್ಯಾಪ್‌ಟಾಪಲ್ಲೇ ಕಂಡಿದ್ರೆ ಎಷ್ಟು ಸಲೀಸು ಅಲ್ವಾ?

ಖಂಡಿತ ಕಾಣೋ ಹಾಗೆ ಮಾಡಬಹುದು. ಆದ್ರೆ ಮೊದಲು ಅದು ಹೇಗೆ ನಡೆಯುತ್ತೆ ಅಂತ ತಿಳ್ಕೊಳ್ಳೋಣ.

ಎಸ್ಸೆಮ್ಮೆಸ್ ಬರೋದು ನಿಮ್ಮ ಸಿಮ್ಮಿಗೆ. ಇಮೇಲ್ ಥರ ಎಲ್ಲಿಂದ ಬೇಕಾದ್ರೂ ಲಾಗಿನ್ ಆಗಿ ಓದೋ ಹಾಗಿಲ್ಲ. ಲ್ಯಾಪ್‌ಟಾಪಿನ ಪರದೆಯಲ್ಲಿ ಕಾಣೋದು ಫೋನೊಳಗಿನ ಮೆಸೇಜೇ, ಲ್ಯಾಪ್‌ಟಾಪ್ ಬರೀ ಕಿಟಕಿ. ಅದಕ್ಕೇ ಫೋನು ಸ್ವಿಚ್ ಆಫ್ ಆದ್ರೆ ಹೊಸ ಮೆಸೇಜು ಬರಲ್ಲ. ಅಲ್ಲಿಂದ ಕಳಿಸೋ ಎಸ್ಸೆಮ್ಮೆಸ್ ಕೂಡ ನಿಮ್ಮ ಸಿಮ್ಮಿಂದಲೇ ಹೋಗುತ್ತೆ, ನಿಮ್ಮ ಪ್ಲಾನಿನ ಲೆಕ್ಕದಲ್ಲೇ.

ಕೀಬೋರ್ಡ್ ಸಿಕ್ಕಿತು ಅಂತ ಕನ್ನಡದಲ್ಲಿ ಉದ್ದಕ್ಕೆ ಟೈಪ್ ಮಾಡೋ ಮೊದಲು ಇದನ್ನ ಗಮನಿಸಿ. ಒಂದು ಎಸ್ಸೆಮ್ಮೆಸ್‌ಗೆ ಇರೋ ಜಾಗ 140 ಬೈಟ್. ಇಂಗ್ಲಿಷಲ್ಲಿ 160 ಅಕ್ಷರ ಹಿಡಿಯುತ್ತೆ, ಕನ್ನಡದಲ್ಲಿ ಸಾಮಾನ್ಯವಾಗಿ 70 ಮಾತ್ರ. ಒತ್ತಕ್ಷರ, ಗುಣಿತದ ಚಿಹ್ನೆ ಎಲ್ಲಾ ಬೇರೆ ಬೇರೆ ಲೆಕ್ಕ. ‘ಲಕ್ಷ್ಮಿ’ ಕಣ್ಣಿಗೆ ಎರಡೇ ಅಕ್ಷರ, ಲೆಕ್ಕಕ್ಕೆ ಏಳು!

ಈಗ ಜೋಡಿಸೋ ದಾರಿಗಳು.

ಆಂಡ್ರಾಯ್ಡ್ ಇದ್ದವರಿಗೆ ಸುಲಭವಾದದ್ದು ಗೂಗಲ್ ಮೆಸೇಜಸ್. ಲ್ಯಾಪ್‌ಟಾಪ್ ಬ್ರೌಸರಲ್ಲಿ ಅದರ ವೆಬ್ ಪುಟ ತೆಗೀರಿ. ಫೋನಿನ ಆ್ಯಪಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ‘ಡಿವೈಸ್ ಪೇರಿಂಗ್’ಗೆ ಹೋಗಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ಗೂಗಲ್ ಅಕೌಂಟಿಂದಲೂ ಜೋಡಿಸಬಹುದು.

ವಿಂಡೋಸಲ್ಲಿ ‘ಫೋನ್ ಲಿಂಕ್’ ಇದೆ, 2022ರವರೆಗೆ ಅದರ ಹೆಸರು ‘ಯುವರ್ ಫೋನ್’. ಐಫೋನ್ ಇದ್ರೆ ಅದು ಬ್ಲೂಟೂತ್ ಮೂಲಕ ಕೆಲಸ ಮಾಡುತ್ತೆ, ಆದ್ರೆ ಆಂಡ್ರಾಯ್ಡಲ್ಲಿ ಸಿಗೋ ಅಷ್ಟು ಸೌಲಭ್ಯ ಇರಲ್ಲ.

ಐಫೋನ್ ಜೊತೆ ಮ್ಯಾಕ್ ಇದ್ರೆ ಎರಡರಲ್ಲೂ ಒಂದೇ ಆ್ಯಪಲ್ ಅಕೌಂಟ್ ಇರಲಿ. ಫೋನಿನ ಮೆಸೇಜಸ್ ಸೆಟ್ಟಿಂಗಲ್ಲಿ ‘ಟೆಕ್ಸ್ಟ್ ಮೆಸೇಜ್ ಫಾರ್ವರ್ಡಿಂಗ್’ ಆನ್ ಮಾಡಿ.

ಲಿನಕ್ಸ್ ಬಳಸೋರಿಗೆ ಕೆಡಿಇ ಕನೆಕ್ಟ್. ಫೋನು, ಲ್ಯಾಪ್‌ಟಾಪ್ ಎರಡೂ ಒಂದೇ ವೈಫೈಯಲ್ಲಿದ್ರೆ ಸಾಕು.

ಇಲ್ಲಿವರೆಗೆ ಅನುಕೂಲದ ಮಾತಾಯ್ತು. ಈಗ ಅಪಾಯದ್ದು.

ಬ್ಯಾಂಕು ಪಾಸ್‌ವರ್ಡ್ ಜೊತೆ ಓಟಿಪಿ ಯಾಕೆ ಕೇಳುತ್ತೆ? ಎರಡು ಬೀಗ, ಎರಡು ಬೇರೆ ಬೇರೆ ಜಾಗ. ಪಾಸ್‌ವರ್ಡ್ ಕದ್ದವನ ಕೈಗೆ ನಿಮ್ಮ ಫೋನು ಸಿಗಲ್ಲ ಅನ್ನೋ ಲೆಕ್ಕ. ನೀವು ಬ್ರೌಸರಲ್ಲಿ ಪಾಸ್‌ವರ್ಡ್ ಸೇವ್ ಮಾಡಿ, ಪಕ್ಕದ ಟ್ಯಾಬಲ್ಲಿ ಮೆಸೇಜೂ ತೆರೆದಿಟ್ರೆ, ಎರಡು ಬೀಗದ ಕೀಲಿಕೈ ಒಂದೇ ಗೊಂಚಲಿಗೆ ಬಂದ ಹಾಗೆ.

ಅದಕ್ಕೇ ಮೊದಲ ನಿಯಮ: ಕಂಪನಿ ಲ್ಯಾಪ್‌ಟಾಪಿಗೆ ಜೋಡಿಸಬೇಡಿ. ಅದು ನಿಮ್ಮದಲ್ಲ. ಮೀಟಿಂಗಲ್ಲಿ ಸ್ಕ್ರೀನ್ ಶೇರ್ ಮಾಡಿದಾಗ ಸಂಬಳ ಜಮಾ ಆದ ಮೆಸೇಜು ಮೂಲೆಯಲ್ಲಿ ಬಂದ್ರೆ ಇಡೀ ಟೀಮು ಓದುತ್ತೆ.

ಎರಡನೇದು, ಲಾಕ್ ತೆಗೆದ ಫೋನು ಯಾರ ಕೈಗೂ ಕೊಡಬೇಡಿ. ಕ್ಯೂಆರ್ ಸ್ಕ್ಯಾನ್ ಮಾಡೋಕೆ ಅರ್ಧ ನಿಮಿಷ ಸಾಕು. ಆಮೇಲೆ ಫೋನು ನಿಮ್ಮ ಜೇಬಲ್ಲೇ ಇದ್ರೂ ಮೆಸೇಜು ಇನ್ನೊಬ್ಬರ ಪರದೆಯಲ್ಲಿ ಓಡ್ತಿರುತ್ತೆ.

ಮೂರನೇದು ನಮ್ಮಂಥವರಿಗೇ ಹೇಳೋ ಮಾತು. ಶಿವಮೊಗ್ಗದಲ್ಲಿರೋ ಅಮ್ಮನ ಅಕೌಂಟಿಂದ ಕರೆಂಟ್ ಬಿಲ್ ಕಟ್ಟೋಕೆ ಪ್ರತಿ ಸಲ ಫೋನ್ ಮಾಡಿ ಓಟಿಪಿ ಕೇಳ್ತೀವಿ. ‘ಈ ಸಲ ಊರಿಗೆ ಹೋದಾಗ ಅಮ್ಮನ ಫೋನನ್ನ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿಬಿಡೋಣ’ ಅನ್ಸುತ್ತೆ. ಅದು ಕೆಲಸ ಮಾಡುತ್ತೆ, ಅಮ್ಮನ ಫೋನಲ್ಲಿ ನೆಟ್ ಇದ್ರೆ ಸಾಕು. ಆದ್ರೂ ಬೇಡ. ನಿಮ್ಮ ಲ್ಯಾಪ್‌ಟಾಪ್ ಕಳೆದ್ರೆ ಅಮ್ಮನ ಅಕೌಂಟಿಗೂ ಕನ್ನ. ಅದಕ್ಕಿಂತ ದೊಡ್ಡದು ಅಭ್ಯಾಸದ ಮಾತು. ‘ಓಟಿಪಿ ಮಗನಿಗೆ ಹೇಳಬಹುದು’ ಅಂತ ರೂಢಿಯಾದ್ರೆ, ನಾಳೆ ‘ಅಮ್ಮಾ, ನಿಮ್ಮ ಮಗನ ಆಫೀಸಿಂದ ಮಾತಾಡ್ತಿದ್ದೀವಿ’ ಅಂದವನಿಗೂ ಹೇಳಿಬಿಡ್ತಾರೆ. ಮೆಸ್ಕಾಂ ಬಿಲ್ಲನ್ನ ಅವರ ಅಕೌಂಟ್ ಐಡಿ ಹಾಕಿ ನಿಮ್ಮದೇ ಯುಪಿಐಯಿಂದ ಕಟ್ಟಿ, ಅಮ್ಮನ ಓಟಿಪಿ ಬೇಕಾಗೋದೇ ಇಲ್ಲ.

ಇದನ್ನ ಓದಿದ ಮೇಲೆ ಒಂದು ಕೆಲಸ ಮಾಡಿ. ಫೋನಲ್ಲಿ ‘ಡಿವೈಸ್ ಪೇರಿಂಗ್’ ತೆಗೆದು ಪಟ್ಟಿ ನೋಡಿ. ಹಳೇ ಲ್ಯಾಪ್‌ಟಾಪು, ಬಿಟ್ಟ ಕಂಪನಿಯ ಲ್ಯಾಪ್‌ಟಾಪು, ಗುರುತಿಲ್ಲದ್ದು ಏನಿದ್ರೂ ತೆಗೆದುಹಾಕಿ. ಊರಿಗೆ ಹೋದಾಗ ಅಪ್ಪ ಅಮ್ಮನ ಫೋನಲ್ಲೂ ಅದೇ ನೋಡಿ. ದುಡ್ಡು ಹೋಗಿದೆ ಅಂತ ಗೊತ್ತಾದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.